ಹೆಣ ಬಿದ್ದಾಗ ಹಾಡು!

ಮಾಜಾಳಿ ಗಡಿ ದಾಟಿ ಮಡಗಾಂವಿಗೆ ಹೋದರೆ ರವೀಂದ್ರ ಭವನದಲ್ಲಿ ತಿಯಾತ್ರ್ ನೋಡಸಿಗುತ್ತದೆ. ಚರ್ಚಿನ ಹಬ್ಬಕ್ಕೆ ಹಳ್ಳಿಯ ಹುಡುಗರೂ ಆಡುತ್ತಾರೆ. 1892ರ ಏಪ್ರಿಲ್ 17ರಂದು ಮುಂಬೈಯಲ್ಲಿ ಲುಕಾಸಿನ್ಹೊ ರಿಬೇರೊ ಅವರ 'ಇಟಾಲಿಯನ್ ಭುರ್ಗೊ'ದಿಂದ ಶುರುವಾದ ಈ ಕೊಂಕಣಿ ನಾಟಕದಲ್ಲಿ ಅಳು, ನಗು ಎಲ್ಲಕ್ಕೂ ಜಾಗವುಂಟು. ಪತ್ತೇದಾರಿ ಕಥೆ ಆಡಿಸುವವರ ಪಾಡು ಮಾತ್ರ ಬೇರೆ.

ಕಾರಣ, ಹಾಡು. ತಿಯಾತ್ರ್ ಎಂದರೆ ಆರೇಳು ಅಂಕ. ಅಂಕ ಮುಗಿದು ಪರದೆ ಬಿದ್ದ ಕೂಡಲೇ ಗಾಯಕರು ಮುಂದೆ ಬಂದು 'ಕಾಂತಾರಾಂ' ಹಾಡುತ್ತಾರೆ. ಕಥೆಗೂ ಇದಕ್ಕೂ ಸಂಬಂಧವಿಲ್ಲ. ಆಳುವವರಿಗೆ ಚುಚ್ಚುಮಾತೂ ಇರಬಹುದು, ತಾಯಿಯ ನೆನಪೂ ಇರಬಹುದು. ಅತ್ತ ಹೆಣ ಬಿದ್ದಿದೆ, ಇತ್ತ ಜನ 'ಒನ್ಸ್ ಮೋರ್' ಅಂತಾರೆ! ಎರಡು ಹಾಡು ಮುಗಿಯುವಷ್ಟರಲ್ಲಿ ಮೇಜಿನ ಮೇಲಿದ್ದ ಕನ್ನಡಕ ಯಾರದ್ದು ಅಂತ ಯಾರಿಗೆ ನೆನಪಿರುತ್ತೆ ಹೇಳಿ? ಹಾಗಾಗಿ ಇಲ್ಲಿ ಸುಳಿವನ್ನು ಪಿಸುಮಾತಿನಲ್ಲಿ ಬಚ್ಚಿಡುವಂತಿಲ್ಲ. ಅಂಕದ ಕೊನೆಗೆ ಢಾಳಾಗಿ ಇಡಬೇಕು. ಮುಂದಿನ ಅಂಕದಲ್ಲಿ ಯಾರಾದರೂ, ಹಾಸ್ಯಗಾರನೇ ಆದರೂ ಸರಿ, ಅದನ್ನು ಮತ್ತೆ ಎತ್ತಬೇಕು.

ನಮ್ಮ ಸುನೀಲ್ ಕುಮಾರ್ ದೇಸಾಯಿ 1989ರ 'ತರ್ಕ' ಸಿನಿಮಾದಲ್ಲಿ ಹಾಡನ್ನೇ ಕೈಬಿಟ್ಟು ಗೆದ್ದರು. ತಿಯಾತ್ರ್‌ನಲ್ಲಿ ಹಾಗೆ ಮಾಡಿದರೆ ಟಿಕೆಟ್ ಕೊಂಡವರು ಸುಮ್ಮನಿರ್ತಾರಾ?

ಇನ್ನೊಂದು ಭಯ, ಬಾಯಿಯದು. ಲಂಡನ್ನಿನಲ್ಲಿ 1952ರಲ್ಲಿ ಶುರುವಾಗಿ, ಕೊರೋನಾ ಕಾಲದಲ್ಲೊಮ್ಮೆ ನಿಂತು ಮತ್ತೆ ನಡೆದ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಮುಗಿದಾಗ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಅದು ದೊಡ್ಡ ಊರು. ಊರ ಹುಡುಗರೇ ಆಡುವ ಕಡೆ ತಾಲೀಮಿನ ಹೊತ್ತಿಗೇ ಗುಟ್ಟು ಮೀನು ಮಾರುಕಟ್ಟೆ ತಲುಪಿರುತ್ತದೆ. ಆಮೇಲೂ ಜನ ಬರಬೇಕಾದರೆ ಹಾಡೇ ಚೆನ್ನಾಗಿರಬೇಕು!