ಹಬ್ಬದ ಚಹಾ, ಸುಣ್ಣಕಲ್ಲಿನ ನೀರು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮನೆಗಳಲ್ಲಿ ದಿನದ ಚಹಾ ಬೇರೆ, ಹಬ್ಬದ ಚಹಾ ಬೇರೆ. ಎಳ್ಳ ಅಮಾವಾಸ್ಯೆಯ ಚಳಿಯಲ್ಲಿ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿರೊಟ್ಟಿ ಉಂಡ ಮೇಲೆ ಹಸಿಶುಂಠಿ ಜಜ್ಜಿ ಹಾಕಿದ ಬೆಲ್ಲದ ಚಹಾ ಹಿತ. ರಂಜಾನಿನಲ್ಲಿ ಇಫ್ತಾರ್ ಮುಗಿದರೆ ಇರಾನಿ ಚಹಾ, ಇಲ್ಲವೇ ಲಿಂಬೆ ಹಿಂಡಿದ ಸುಲೈಮಾನಿ. ದೀಪಾವಳಿಗೆ ಬಂದ ಬೀಗರಿಗೆ ಏಲಕ್ಕಿ ಚಹಾ. ಇವುಗಳ ಜೊತೆಗೆ ದಾಲ್ಚಿನ್ನಿ, ಲವಂಗ, ಒಣ ಕಿತ್ತಳೆ ಸಿಪ್ಪೆ ಬೆರೆಸಿದ ಕ್ರಿಸ್‌ಮಸ್ ಚಹಾದ ಡಬ್ಬಿಗಳೂ ಈಗ ಆನ್‌ಲೈನಿನಲ್ಲಿ ತರಿಸಿದರೆ ಮನೆಗೆ ಬರುತ್ತವೆ. ನಾಲ್ಕಾರು ಬಗೆ ಕೈಗೆ ಸಿಕ್ಕಾಗ ಯಾವುದು ಹೆಚ್ಚು ಎಂದು ತೂಗಿ ನೋಡುವ ಆಸೆ ಸಹಜ. ಆದರೆ ಈ ಸೀಮೆಯಲ್ಲಿ ಆ ಪರೀಕ್ಷೆ ಮಸಾಲೆಯಿಂದಲ್ಲ, ನೀರಿನಿಂದ ಶುರುವಾಗಬೇಕು.

ಶಹಾಬಾದ್ ಪರಸಿ ಎಂದು ಊರೂರಿನ ಅಂಗಳ, ಅಡುಗೆಮನೆಗಳಿಗೆ ಹಾಸುವ ಕಲ್ಲು ಸುಣ್ಣಕಲ್ಲೇ. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬೆಳೆದದ್ದೂ ಇದೇ ಕಲ್ಲಿನ ಆಸರೆಯಲ್ಲಿ. ಇಂಥ ನೆಲದಲ್ಲಿ ಇಂಗಿ ಬಾವಿ, ಬೋರ್‌ವೆಲ್ ಸೇರುವ ನೀರು ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಳೆಯುವ ಉಪಕರಣ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ತೊಗರಿಯ ಕಣಜ ಎನಿಸಿದ ಜಿಲ್ಲೆಯಲ್ಲಿ ಬೇಳೆ ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದರಿಂದಲೇ ಹೆಂಗಸರು ನೀರಿನ ಗುಣ ಹೇಳಿಬಿಡುತ್ತಾರೆ. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯದು, ಸಾಬೂನು ನೊರೆ ಕೊಡದು, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ.

ಇದೇ ನೀರು ಚಹಾಕ್ಕೆ ಎರಡು ಬಗೆಯಲ್ಲಿ ಕೆಡಕು ಮಾಡುತ್ತದೆ. ಕೆಂಪು ಬಣ್ಣ ಮಸುಕಾಗಿ ಕಂದಿಗೆ ತಿರುಗುತ್ತದೆ, ಎಲೆಯ ಚುರುಕು ಅಡಗುತ್ತದೆ. ಜೊತೆಗೆ ತಣಿಯುತ್ತಿರುವ ಕಪ್ಪಿನ ಮೇಲೆ ತೆಳ್ಳನೆಯ ಪದರ ಕಟ್ಟಿ, ಅಂಚಿಗೆ ಕಲೆಯಾಗಿ ಅಂಟುತ್ತದೆ. ಇದನ್ನು ಹಾಲಿನ ಕೆನೆ ಎಂದುಕೊಳ್ಳುವವರು ಹೆಚ್ಚು. ಹಾಲಿಲ್ಲದ ಚಹಾದಲ್ಲೂ ಇದು ಕಾಣಿಸುತ್ತದೆ ಎಂಬುದನ್ನು ಗಮನಿಸಿದರೆ ಆ ಊಹೆ ನಿಲ್ಲದು. 1993ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕಲ್ ಸ್ಪೈರೊ ಮತ್ತು ಡಿಯೊಗ್ರೇಷಿಯಸ್ ಜಗನ್ಯಿ ಈ ಪದರದ ಮೂಲವನ್ನು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಎರಡೂ ಇದ್ದಾಗ ಚಹಾದ ಒಗರಿನ ಅಂಶಗಳು ಗಾಳಿ ತಾಕಿ ಮೇಲೆ ಪದರವಾಗುತ್ತವೆ. ಹುಳಿ ಬಿದ್ದರೆ ಪದರ ಕಟ್ಟುವುದಿಲ್ಲ. ಸುಲೈಮಾನಿ ಚಹಾ ಈ ಸುಣ್ಣಕಲ್ಲಿನ ನೀರಿನಲ್ಲೂ ತಿಳಿಯಾಗಿ, ಹೊಳಪಾಗಿ ನಿಲ್ಲುವುದಕ್ಕೆ ಲಿಂಬೆಯೇ ಕಾರಣ.

ನೀರನ್ನು ಐದು ನಿಮಿಷ ಕುದಿಸಿ, ತಣಿಸಿ, ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡರೆ ಬೈಕಾರ್ಬನೇಟಿನ ಗಡಸುತನದ ಬಹುಪಾಲು ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಆರ್‌ಒ ಯಂತ್ರದ ನೀರೂ ಆದೀತು, ಆದರೆ ಲವಣವೆಲ್ಲ ಹೋದ ನೀರಿನಲ್ಲಿ ಚಹಾ ಕೆಲವೊಮ್ಮೆ ತೀರಾ ಒಗರಾಗುತ್ತದೆ. ಚಿಂಚೋಳಿಯ ದಿಣ್ಣೆಗಳ ಮಣ್ಣು ಬೇರೆ, ಶಹಾಬಾದದ ನೆಲ ಬೇರೆ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರೂ ಒಂದೇ ತೆರನಾಗಿರಬೇಕೆಂದಿಲ್ಲ. ಆದ್ದರಿಂದ ಹೋಲಿಸುವ ಚಹಾಗಳೆಲ್ಲಕ್ಕೂ ಒಂದೇ ಕೊಡದ ನೀರು ಬಳಸುವುದು ಮೊದಲ ನಿಯಮ.

ಎರಡನೆಯದು ಎಲೆ ಮತ್ತು ಅಳತೆ. ಮನೆಗಳಲ್ಲಿ ಕುದಿಯುವುದು ಬಹುತೇಕ ಸಿಟಿಸಿ ಪುಡಿ, ಅಂದರೆ ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಅರೆದು, ಹರಿದು, ಸುರುಳಿಸಿ ಮಾಡಿದ ಕಾಳು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಈ ಯಂತ್ರದ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಮಸಾಲೆಗೂ ಸೋಲುವುದಿಲ್ಲ. ಚಹಾ ರುಚಿ ನೋಡಲು ಅಂತರರಾಷ್ಟ್ರೀಯ ಮಾನಕವೊಂದಿದೆ, ಐಎಸ್‌ಒ 3103. ಅದರ ಪ್ರಕಾರ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, ಆರು ನಿಮಿಷ. ಇದೇ ವಿಷಯದ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ನಗೆಯ ‘ಇಗ್ ನೊಬೆಲ್’ ಬಹುಮಾನ ಸಂದಿತು. ಆರು ಪುಟಗಳಲ್ಲಿ ಚಹಾ ಮಾಡುವುದನ್ನು ಹೇಳಿದರೆ ನಗು ಬರುವುದು ನಿಜ, ಆದರೂ ಆ ಅಳತೆ ಮನೆಗೆ ಉಪಯೋಗದ್ದೇ. ಸಿಟಿಸಿ ಪುಡಿಯಾದರೆ ಸಣ್ಣ ಚಮಚದ ತುಂಬ ಹಾಕಿ ಮೇಲೆ ಸಮ ಮಾಡಿದರೆ ಸುಮಾರು 2 ಗ್ರಾಂ.

ಮನೆಯ ಮಸಾಲೆಗಳನ್ನು ಹೋಲಿಸುವಾಗ ಡಿಕಾಕ್ಷನ್ ಒಂದೇ ಪಾತ್ರೆಯಲ್ಲಿ ಮಾಡಿ ಲೋಟಗಳಿಗೆ ಹಂಚಿಕೊಂಡು, ಮಸಾಲೆಯ ನೀರನ್ನು ಬೇರೆ ಬೇರೆ ಕುದಿಸಿ ಸೇರಿಸುವುದು ಸರಿ. ದಾಲ್ಚಿನ್ನಿ, ಲವಂಗ, ಮೆಣಸಿನಂಥ ಗಟ್ಟಿ ಪದಾರ್ಥಗಳಿಗೆ ಐದಾರು ನಿಮಿಷದ ಕುದಿ ಬೇಕು. ಏಲಕ್ಕಿಯ ಪರಿಮಳ ಆವಿಯ ಜೊತೆ ಹಾರಿಹೋಗುವಂಥದ್ದು. ಜಜ್ಜಿ ಕಡೆಯ ನಿಮಿಷದಲ್ಲಿ ಹಾಕಿ ಮುಚ್ಚಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸಿದರೆ ಕಡೆಗೆ ಉಳಿಯುವುದು ಲವಂಗದ ರುಚಿಯೊಂದೇ.

ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದರ ಬಲ ಹೋಗುತ್ತದೆ. ಬೆಲ್ಲದಲ್ಲಿ ಹುಳಿಯ ಅಂಶವೂ ಲವಣಗಳೂ ಇರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಒಡೆಯುವ ಭಯ. ಒಲೆ ಆರಿಸಿದ ಮೇಲೆ ಬೆಲ್ಲ ಸೇರಿಸುವ ಹಳ್ಳಿಯ ರೂಢಿ ಅದಕ್ಕೇ ಗಟ್ಟಿಯಾಗಿ ಉಳಿದಿದೆ.

ಇರಾನಿ ಚಹಾದ ದಾರಿ ಇವೆಲ್ಲಕ್ಕಿಂತ ಬೇರೆ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು ಮಾರ್ಗ 1874ರಲ್ಲಿ ತೆರೆಯಿತು. 1948ರವರೆಗೂ ಈ ಊರುಗಳು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಊಟ, ಮಾತು, ಚಹಾ ಮೂರರಲ್ಲೂ ಹೈದರಾಬಾದಿನ ನಂಟು ಉಳಿದಿರುವುದು ಹಾಗೆ. ಇರಾನಿ ಪದ್ಧತಿಯಲ್ಲಿ ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ದಮ್ಮಿನಲ್ಲಿರುತ್ತದೆ, ಹಾಲು ಇನ್ನೊಂದು ಪಾತ್ರೆಯಲ್ಲಿ ಬತ್ತಿ ದಪ್ಪವಾಗುತ್ತದೆ, ಎರಡೂ ಕೂಡುವುದು ಕಪ್ಪಿನಲ್ಲಿ. ಬತ್ತಿದ ಹಾಲಿನ ಪ್ರೋಟೀನು ಒಗರನ್ನು ಹಿಡಿದಿಡುವುದರಿಂದ ಎಷ್ಟೇ ಗಟ್ಟಿ ಚಹಾ ಆದರೂ ಮೆತ್ತಗೆ ಇಳಿಯುತ್ತದೆ. ಇದನ್ನು ಸುಲೈಮಾನಿಯ ಪಕ್ಕ ಇಟ್ಟು ಅಂಕ ಕೊಡುವುದು ಅನ್ಯಾಯ. ಹಾಲಿನವು ಹಾಲಿನವುಗಳ ಜೊತೆ, ಕರಿ ಚಹಾಗಳು ಕರಿ ಚಹಾಗಳ ಜೊತೆ ಹೋಲಿಕೆಯಾಗಲಿ.

ಡಬ್ಬಿಯ ಕ್ರಿಸ್‌ಮಸ್ ಚಹಾಗಳಿಗೆ ನಮ್ಮ ಮನೆಗಳಲ್ಲಿ ಕಡಿಮೆ ಅಂಕ ಬೀಳುವುದಕ್ಕೂ ಇದೇ ಕಾರಣ. ಅವುಗಳಲ್ಲಿ ಬಹಳಷ್ಟು ಹಾಲಿಲ್ಲದೆ ಕುಡಿಯಲೆಂದು ಮಾಡಿದವು. ಕಿತ್ತಳೆ ಸಿಪ್ಪೆಯ ಪರಿಮಳ ಹಾಲಿನಲ್ಲಿ ಮುಳುಗುತ್ತದೆ. ದಾಸವಾಳ ಜಾತಿಯ ಕೆಂಪು ಹೂದಳ ಬೆರೆತಿದ್ದರೆ ಅದರ ಹುಳಿಗೆ ಹಾಲೇ ಒಡೆಯುತ್ತದೆ. ಇಂಥವನ್ನು ಒಲೆಯ ಮೇಲೆ ಕುದಿಸದೆ, ಕುದಿನೀರು ಸುರಿದು ಮುಚ್ಚಿಟ್ಟು ಸೋಸಬೇಕು. ಕೊಳ್ಳುವ ಮೊದಲು ಡಬ್ಬಿಯ ಹಿಂಭಾಗ ಓದಿದರೆ ಮಸಾಲೆ ನಿಜವಾದದ್ದೋ ಬರಿಯ ಸುವಾಸನೆಯೋ ಗೊತ್ತಾಗುತ್ತದೆ. ಒಂದು ಚಮಚ ಬಿಳಿ ಕಾಗದದ ಮೇಲೆ ಹರಡಿದರೆ ಚಕ್ಕೆ, ಲವಂಗದ ಚೂರು ಕಣ್ಣಿಗೇ ಕಾಣಬೇಕು.

ಕುಡಿದು ನೋಡುವಾಗ ಒಂದೇ ಬಗೆಯ ಲೋಟಗಳಿರಲಿ, ತಳಕ್ಕೆ ಅಂಕಿಯ ಚೀಟಿ ಅಂಟಿಸಿ, ಚಹಾ ಸುರಿಯುವವರು ಬೇರೆ, ಕುಡಿಯುವವರು ಬೇರೆ ಆಗಲಿ. ಬೆಲೆ, ಡಬ್ಬಿಯ ಚಂದ ಎರಡೂ ನಾಲಿಗೆಯನ್ನು ಮೋಸಗೊಳಿಸುತ್ತವೆ. ಮೊದಲ ಗುಟುಕು ಸಕ್ಕರೆ ಇಲ್ಲದೆ. ಏಲಕ್ಕಿ, ಕೇಸರಿಯಂಥ ಮೆಲುವಾದವು ಮೊದಲಿಗೆ, ಶುಂಠಿ, ಮೆಣಸು, ಲವಂಗ ಕೊನೆಗೆ. ಖಾರ ನಾಲಿಗೆಯ ಮೇಲೆ ಕೂತರೆ, ಲವಂಗ ಅದನ್ನು ಜುಮುಗುಟ್ಟಿಸುತ್ತದೆ. ನಡುನಡುವೆ ಬೆಚ್ಚನೆಯ ನೀರು ಮತ್ತು ಉಪ್ಪು ಖಾರವಿಲ್ಲದ ಚುರುಮುರಿ ಸಾಕು. ಒಂದು ಹೊತ್ತಿಗೆ ನಾಲ್ಕು ಬಗೆ ಮೀರಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಸುಡುವ ಚಹಾದಲ್ಲಿ ಬಿಸಿಯ ಹೊರತು ಬೇರೇನೂ ತಿಳಿಯದು, ಅದಕ್ಕೆ ಬಸಿಗೆ ಸುರಿದು ಆರಿಸಬೇಕು. ಬಸಿಯಿಂದ ಸೊರ್ರನೆ ಹೀರುವುದನ್ನು ಪೇಟೆಯವರು ಒರಟೆನ್ನಬಹುದು, ಆದರೆ ಹರಾಜಿನ ಚಹಾಕ್ಕೆ ಬೆಲೆ ಕಟ್ಟುವ ವೃತ್ತಿಪರರು ಮಾಡುವುದೂ ಅದನ್ನೇ. ಹೀರಿದಾಗ ಗಾಳಿಯೊಡನೆ ಚಹಾ ಹನಿಹನಿಯಾಗಿ ಬಾಯಿ ತುಂಬ ಹರಡಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ಬರೆದಿಡಬೇಕಾದದ್ದು ನಾಲ್ಕು ಮಾತು: ಬಣ್ಣ, ವಾಸನೆ, ನಾಲಿಗೆಗೆ ತಾಕಿದ ರುಚಿ, ನುಂಗಿದ ಮೇಲೆ ಉಳಿದದ್ದು.

ಗೆದ್ದ ಮಿಶ್ರಣವನ್ನು ಹಬ್ಬಕ್ಕೆ ವಾರ ಮುಂಚೆ ಕೂಡಿಸಿದರೆ ಸಾಕು. ಒಣಗಿದ ಚಹಾಪುಡಿ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಜಜ್ಜಿದ ಏಲಕ್ಕಿಯ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಪರಿಮಳ ಪುಡಿಗೆ ಇಳಿಯುತ್ತದೆ. ಡಬ್ಬಿಯನ್ನು ಇಂಗು, ಮಸಾಲೆಖಾರ ಇರುವ ಕಪಾಟಿನಿಂದ ದೂರ ಇಡಬೇಕು. ಹಸಿಶುಂಠಿ, ಪುದೀನ, ನಿಂಬೆಹುಲ್ಲಿನಂಥ ತೇವದ ಪದಾರ್ಥಗಳನ್ನು ಪುಡಿಗೆ ಬೆರೆಸಿಡಬಾರದು, ಬೂಸು ಹಿಡಿಯುತ್ತದೆ. ಅವನ್ನು ಚಹಾ ಕಾಯಿಸುವ ಹೊತ್ತಿಗೇ ಹಾಕಬೇಕು.