ಮನೆಯಲ್ಲಿ ಕುಳಿತು ಶುಶ್ರೂಷೆ ಕಲಿತ ಮಕ್ಕಳು

ಕೆಲವು ವಿದ್ಯೆಗಳನ್ನು ಪುಸ್ತಕದಿಂದ ಕಲಿಯಬಹುದು. ಶುಶ್ರೂಷೆಯನ್ನು ಮಾತ್ರ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತೇ ಕಲಿಯಬೇಕು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ದಾದಿಯರ ಶಾಲೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದುದು ಈ ಕಾರಣದಿಂದಲೇ. ಅವರು ಜನಿಸಿ ಇನ್ನೂರು ವರ್ಷ ತುಂಬಿದ ನೆನಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಆದರೆ ಅದೇ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾಗಿ, ಶುಶ್ರೂಷಾ ವಿದ್ಯಾರ್ಥಿಗಳು ಆಸ್ಪತ್ರೆಯಿಂದ ದೂರವಾಗಿ ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತುಕೊಳ್ಳಬೇಕಾಯಿತು. ಇದೆಂತಹ ವಿಪರ್ಯಾಸ!

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಿಂದ ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಬೆಂಗಳೂರುಗಳಿಗೆ ಶುಶ್ರೂಷೆ ಕಲಿಯಲು ಹೋಗುವ ಮಕ್ಕಳಿದ್ದಾರೆ. ನಮ್ಮ ಕಥೋಲಿಕ ಕುಟುಂಬಗಳಿಗಂತೂ ಈ ವೃತ್ತಿ ಹೊಸದಲ್ಲ. 1880ರಲ್ಲಿ ಫಾದರ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯವು ದೊಡ್ಡ ಆಸ್ಪತ್ರೆಯಾಗಿ ಬೆಳೆದ ಕಥೆಯನ್ನು ಅನೇಕರು ಬಲ್ಲರು. ಮಗಳು ದಾದಿಯಾದರೆ ಮನೆಗೆ ಆಸರೆಯೂ ಆಯಿತು, ಸೇವೆಯೂ ಆಯಿತು ಎಂಬುದು ಹಿರಿಯರ ನಂಬಿಕೆ. ಆ ನಂಬಿಕೆಯ ಭಾರವನ್ನು ಹೊತ್ತ ಮಕ್ಕಳ ಮನಸ್ಸು ಆ ದಿನಗಳಲ್ಲಿ ಹೇಗಿತ್ತು ಎಂದು ವಿಚಾರಿಸಿದವರು ಮಾತ್ರ ವಿರಳ.

ಪರದೆಯಲ್ಲಿ ಸಿಗದ ಪಾಠ

ಶುಶ್ರೂಷಾ ಶಿಕ್ಷಣದಲ್ಲಿ ಮೂರು ಹೆಜ್ಜೆಗಳಿವೆ. ಶಿಕ್ಷಕಿ ಮಾಡಿ ತೋರಿಸುವುದು ಮೊದಲನೆಯದು. ವಿದ್ಯಾರ್ಥಿನಿ ಅವರೆದುರಿಗೆ ಮಾಡಿ ತೋರಿಸುವುದು ಎರಡನೆಯದು. ಅವರ ಕಣ್ಗಾವಲಿನಲ್ಲಿ ರೋಗಿಗೆ ಸೇವೆ ನೀಡುವುದು ಮೂರನೆಯದು. ಸೂಜಿಮದ್ದು ಕೊಡುವುದಾಗಲಿ, ಗಾಯ ಕಟ್ಟುವುದಾಗಲಿ, ಏಳಲಾರದ ರೋಗಿಯ ಹಾಸಿಗೆ ಬದಲಿಸುವುದಾಗಲಿ, ಕೈಗೆ ಹತ್ತುವುದು ಹೀಗೆಯೇ. ಪರದೆಯು ಮೊದಲ ಹೆಜ್ಜೆಯನ್ನು ಮಾತ್ರ ಕೊಡಬಲ್ಲದು. ಉಳಿದೆರಡು ತಪ್ಪಿಹೋದಾಗ ವಿದ್ಯಾರ್ಥಿನಿಯ ಎದೆಯಲ್ಲಿ ಒಂದು ಪ್ರಶ್ನೆ ಬೇರೂರುತ್ತದೆ: ‘ನಾಳೆ ನನ್ನ ಕೈಯಿಂದ ಯಾರ ಪ್ರಾಣಕ್ಕಾದರೂ ಅಪಾಯವಾದರೆ?’ ಇದನ್ನು ಸೋಮಾರಿಯ ಭಯವೆಂದು ತಳ್ಳಿಹಾಕಬಾರದು. ಹೊಣೆಯರಿತ ಮನಸ್ಸಿಗೆ ಮಾತ್ರ ಇಂತಹ ಭಯ ಹುಟ್ಟುತ್ತದೆ.

ಆಸ್ಪತ್ರೆಯ ವಾರ್ಡು ಕೈಗೆ ಕಲಿಸುವಂತೆಯೇ ಮನಸ್ಸಿಗೂ ಕಲಿಸುತ್ತದೆ. ಮೊದಲ ಬಾರಿಗೆ ಸಾವನ್ನು ಕಂಡ ದಿನ ವಿದ್ಯಾರ್ಥಿನಿಲಯಕ್ಕೆ ಮರಳಿ ಗೆಳತಿಯ ಹೆಗಲಿಗೊರಗಿ ಅತ್ತು ಹಗುರಾಗುವುದು, ಹಿರಿಯ ದಾದಿಯೊಬ್ಬರು ‘ನನಗೂ ಹೀಗೆಯೇ ಆಗಿತ್ತು’ ಎಂದು ಬೆನ್ನು ತಟ್ಟುವುದು, ಇವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠಗಳು. ದೂರ ಶಿಕ್ಷಣವು ಕಸಿದುಕೊಂಡುದು ಮುಖ್ಯವಾಗಿ ಈ ಒಡನಾಟವನ್ನು.

ಮನೆಯೊಳಗಿನ ಒಂಟಿತನ

ತಂದೆತಾಯಿಯರ ನಡುವೆ ಇದ್ದೂ ಒಂಟಿಯಾಗುವುದುಂಟೇ ಎಂದು ಕೆಲವರು ಕೇಳಬಹುದು. ಉಂಟು. ಮನೆಗೆ ಬಂದ ಮಗಳು ಹಲವು ಕುಟುಂಬಗಳಲ್ಲಿ ವಿದ್ಯಾರ್ಥಿನಿಯಾಗಿ ಉಳಿಯಲಿಲ್ಲ, ದುಡಿಯುವ ಇನ್ನೆರಡು ಕೈಗಳಾದಳು. ಪಾಠದ ಹೊತ್ತಿಗೆ ರೊಟ್ಟಿ ಬಡಿಯುವ ಕೆಲಸ, ದನಗಳಿಗೆ ಮೇವು ಹಾಕುವ ಕೆಲಸ ಕಾದಿರುತ್ತಿತ್ತು. ಮನೆಗೊಂದೇ ಮೊಬೈಲ್, ಅದಕ್ಕೆ ತಮ್ಮನ ಪಾಠವೂ ಉಂಟು, ತಂದೆಯ ವ್ಯವಹಾರವೂ ಉಂಟು. ಸಂಪರ್ಕ ಸಿಗಲೆಂದು ಮಾಳಿಗೆ ಹತ್ತಬೇಕು, ಇಲ್ಲವೇ ಹೊಲದ ಬದುವಿಗೆ ಹೋಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಅಂಗರಚನಾಶಾಸ್ತ್ರವು ಮೊದಲೇ ಕಠಿಣ. ಧ್ವನಿ ತುಂಡುತುಂಡಾಗಿ ಕೇಳಿದರೆ ಏನು ತಿಳಿದೀತು? ತಿಳಿಯಲಿಲ್ಲವೆಂದು ಎಲ್ಲರೆದುರಿಗೆ ಕೇಳಲು ಸಂಕೋಚ. ಕೊನೆಗೆ ಕ್ಯಾಮೆರಾ ಮುಚ್ಚಿಕೊಂಡು ಮೌನವಾಗಿ ಕುಳಿತುಬಿಡುವುದೇ ಸುಲಭವೆನಿಸುತ್ತದೆ.

ಇದರೊಡನೆ ಹಣದ ಚಿಂತೆಯೂ ಸೇರಿತ್ತು. 2019ರ ಆಗಸ್ಟ್ ತಿಂಗಳ ನೆರೆಯು ಉತ್ತರ ಕರ್ನಾಟಕದ ಇತರ ಭಾಗಗಳೊಡನೆ ಹಾವೇರಿ ಜಿಲ್ಲೆಯನ್ನೂ ಕಾಡಿತ್ತು. ವರದಾ ನದಿಯ ಆಸುಪಾಸಿನ ರೈತರು ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಮಾರುಕಟ್ಟೆಗಳು ಮುಚ್ಚಿದವು. ಶುಲ್ಕ ಹೇಗೆ ಕಟ್ಟುವುದೆಂಬ ಹಿರಿಯರ ಪಿಸುಮಾತು ಪಕ್ಕದ ಕೋಣೆಯಲ್ಲಿದ್ದ ಮಕ್ಕಳ ಕಿವಿಗೆ ಬೀಳದೆ ಇರಲಿಲ್ಲ. ‘ಇಷ್ಟು ಅಪಾಯವಿರುವ ಕೆಲಸ ನಮಗೆ ಬೇಕೇ? ಒಳ್ಳೆಯ ಸಂಬಂಧ ಬಂದರೆ ಮದುವೆ ಮಾಡಿಬಿಡೋಣ’ ಎಂಬ ಮಾತೂ ಕೇಳಿಬರುತ್ತಿತ್ತು.

ಇನ್ನೊಂದು ನೋವು ಹೊರಗಿನವರಿಗೆ ಸುಲಭವಾಗಿ ಕಾಣದು. ದಾದಿಯರು ಸೋಂಕಿಗೆ ತುತ್ತಾಗುತ್ತಿರುವ ಸುದ್ದಿ ಕೇಳುವಾಗ ಭಯ. ಅವರು ಹಗಲಿರುಳು ದುಡಿಯುವಾಗ ತಾನು ಮನೆಯಲ್ಲಿ ಸುರಕ್ಷಿತವಾಗಿ ಕುಳಿತಿದ್ದೇನೆಂಬ ಅಪರಾಧ ಭಾವ. ಇವೆರಡೂ ಒಂದೇ ಮನಸ್ಸಿನಲ್ಲಿ ತಿಕ್ಕಾಡುತ್ತಿದ್ದವು. 2021ರ ಮೇ 3ರಂದು ಕೇಂದ್ರ ಸರ್ಕಾರವು ಬಿ.ಎಸ್ಸಿ. ಮತ್ತು ಜಿ.ಎನ್.ಎಂ. ಪೂರೈಸಿದ ದಾದಿಯರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಸೇವೆಗೆ ನಿಯೋಜಿಸಲು ನಿರ್ಧರಿಸಿತು. ನೂರು ದಿನ ಸೇವೆ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯ ಭರವಸೆಯೂ ಇತ್ತು. ಪರದೆಯ ಮುಂದಿನಿಂದ ನೇರವಾಗಿ ಅಂತಹ ವಾರ್ಡಿಗೆ ಕಾಲಿಡಬೇಕಾಗಬಹುದೆಂದು ಎಣಿಸಿದವರ ಮನಃಸ್ಥಿತಿಯನ್ನು ನಾವೇ ಊಹಿಸಿಕೊಳ್ಳಬೇಕು.

ಈಗ ಇದರ ಮಾತೇಕೆ?

ಆಗ ಪ್ರಥಮ ವರ್ಷದಲ್ಲಿದ್ದವರು ಈಗ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದಾರೆ. ಅಂದು ಹೇಳಿಕೊಳ್ಳದ ಅಳುಕು ಕೆಲವರಲ್ಲಿ ಇನ್ನೂ ಉಳಿದಿರಬಹುದು. ಅಲ್ಲದೆ, ಮೊಬೈಲ್ ಮೂಲಕ ಪಾಠ ಕೇಳುವ ರೂಢಿ ಪೂರ್ಣವಾಗಿ ನಿಂತಿಲ್ಲ. ಇಂದು ಓದುತ್ತಿರುವವರಿಗೂ ಒಂಟಿತನ ತಪ್ಪಿದ್ದಲ್ಲ.

ಆದುದರಿಂದ ಹೆತ್ತವರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ನಿದ್ರೆ ಕೆಡುವುದು, ಊಟ ಸೇರದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಗೆಳತಿಯರ ಕರೆಗೂ ಉತ್ತರಿಸದಿರುವುದು, ‘ನಾನು ಯಾವುದಕ್ಕೂ ಬಾರದವಳು’ ಎನ್ನುವುದು, ಇವು ಎರಡು ವಾರಗಳಿಗೂ ಮೀರಿ ಮುಂದುವರಿದರೆ ಅದನ್ನು ಹಠವೆಂದು ಗದರಿಸಬಾರದು. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮನೆಯಲ್ಲಿ ಮಾಡಬಹುದಾದುದೂ ಬಹಳವಿದೆ. ಓದಿನ ಹೊತ್ತನ್ನು ಓದಿಗೇ ಬಿಟ್ಟುಕೊಡಿರಿ. ಸೋದರ ಸಂಬಂಧಿಯ ಅಂಕಗಳೊಡನೆ ಹೋಲಿಸಬೇಡಿರಿ. ಉಪದೇಶಕ್ಕಿಂತ ಮೊದಲು ಕಿವಿಗೊಡಿರಿ. ಅಜ್ಜಿಯ ನಾಡಿಬಡಿತವನ್ನು, ಉಸಿರಾಟವನ್ನು ಎಣಿಸಲು ಹೇಳಿರಿ; ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20 ಎಂಬ ಪಾಠವು ಜೀವಂತ ಕೈಯನ್ನು ಹಿಡಿದಾಗ ಮರೆಯದಂತೆ ನೆಲೆಗೊಳ್ಳುತ್ತದೆ. ಅಜ್ಜಿಗೂ ಸಂತೋಷ, ಮೊಮ್ಮಗಳಿಗೂ ಧೈರ್ಯ. ಧರ್ಮಕೇಂದ್ರದಲ್ಲಿ ನಿವೃತ್ತ ದಾದಿಯರೋ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಧರ್ಮಭಗಿನಿಯರೋ ಇದ್ದರೆ ತಿಂಗಳಿಗೊಮ್ಮೆ ಈ ಮಕ್ಕಳೊಡನೆ ಕುಳಿತು ಮಾತನಾಡಲಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಸಾಕು.

ಪ್ರಾರ್ಥನೆಯು ಬಲ ಕೊಡುತ್ತದೆ, ನಿಜ. ಆದರೆ ಮುರಿದ ಕಾಲಿಗೆ ಜಪಸರದೊಡನೆ ವೈದ್ಯರ ಕಟ್ಟೂ ಬೇಕಾಗುವಂತೆ ನೊಂದ ಮನಸ್ಸಿಗೂ ತಜ್ಞರ ನೆರವು ಬೇಕಾಗುತ್ತದೆ. ನಮ್ಮ ತಾಲ್ಲೂಕುಗಳಿಗೆ ಬಹಳ ದೂರವಲ್ಲದ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ಪ್ರಭು ಯೇಸು ಹೇಳಿದ ದಯಾಳು ಸಮಾರಿತನ ಸಾಮತಿಯಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಸಂಗತಿಯಿದೆ. ಆತನು ಗಾಯಾಳುವಿನ ಗಾಯ ಕಟ್ಟಿದ್ದಷ್ಟೇ ಅಲ್ಲ, ಮರುದಿನ ಛತ್ರದವನ ಕೈಗೆ ಹಣವಿತ್ತು ಆರೈಕೆಯಲ್ಲಿ ಅವನನ್ನೂ ಪಾಲುದಾರನನ್ನಾಗಿ ಮಾಡಿದನು. ಒಳ್ಳೆಯ ಶುಶ್ರೂಷಕನೂ ಎಲ್ಲ ಭಾರವನ್ನು ಒಬ್ಬನೇ ಹೊರಲಿಲ್ಲ. ನಾಳೆ ನಮ್ಮ ಹಾಸಿಗೆಯ ಪಕ್ಕ ನಿಲ್ಲಬೇಕಾದ ಮಕ್ಕಳಿಗೆ ಆ ಛತ್ರದವನಂತೆ ಹೆಗಲು ಕೊಡುವುದು ಇಂದು ಪ್ರತಿಯೊಂದು ಕುಟುಂಬದ ಕರ್ತವ್ಯವಾಗಿದೆ. ಇಂದು ಸಂಜೆ ಮಗಳಿಗೆ ಕರೆ ಮಾಡಿದಾಗ, ಪರೀಕ್ಷೆ ಯಾವಾಗ ಎಂದು ಕೇಳುವ ಮೊದಲು ‘ಹೇಗಿದ್ದೀಯಮ್ಮಾ?’ ಎಂದು ಕೇಳಿರಿ. ಉತ್ತರ ಮುಗಿಯುವವರೆಗೂ ಕಾಯಿರಿ.