ಮಲೇರಿಯಾದ ಖರ್ಚು ಆಸ್ಪತ್ರೆ ಬಿಲ್ಲಲ್ಲಿ ಪೂರ್ತಿ ಕಾಣೋದಿಲ್ಲ

ಮಲೇರಿಯಾಕ್ಕೆ ಎಷ್ಟು ಖರ್ಚಾಯ್ತು ಅಂತ ಕೇಳಿದ್ರೆ ಮಾತ್ರೆ, ಡ್ರಿಪ್, ಬಸ್ ಚಾರ್ಜಿನ ಲೆಕ್ಕ ಹೇಳ್ತೇವೆ. ದೊಡ್ಡ ನಷ್ಟ ಆಗೋದು ಹೊಲದಲ್ಲಿ. ಮಳೆಗಾಲದಲ್ಲಿ ಅನಾಫಿಲಿಸ್ ಸೊಳ್ಳೆ ಹೆಚ್ಚುತ್ತೆ. ನಾಟಿ, ಕಳೆ, ಮೇಲುಗೊಬ್ಬರ ಅಂತ ಕೈತುಂಬ ಕೆಲಸ ಇರೋದೂ ಅದೇ ತಿಂಗಳುಗಳಲ್ಲಿ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ, ನಿಮ್ಮೂರಿನ ಕೂಲಿ ದರ ಹಾಕಿ ನೋಡಿ. ಗಂಡ ಹೆಂಡತಿ ಇಬ್ಬರೇ ದುಡಿಯೋ ಮನೆ. ಗಂಡ 8 ದಿನ ಮಲಗಿದ, ನೋಡಿಕೊಳ್ಳೋಕೆ ಹೆಂಡತಿಯ 4 ದಿನ ಹೋಯ್ತು. ಅಲ್ಲಿಗೆ 12 ಆಳಿನ ಕೆಲಸ. ಆಳಿಗೆ 400 ರೂಪಾಯಿ ಅಂದ್ರೂ 4,800. ಇದು ಬದಲಿ ಆಳು ಸಿಕ್ಕಿದ್ರೆ ಮಾತ್ರ. ಸಿಗದಿದ್ರೆ ಕಳೆ ತೆಗೆಯೋದು ತಡವಾಗಿ ಇಳುವರಿ ಇಳಿಯುತ್ತೆ. ಕೊಯ್ಲಿನ ಹೊತ್ತಿಗೆ ಜ್ವರ ಯಾರಿಗೂ ನೆನಪಿರಲ್ಲ, ಬೀಜ ಸರಿ ಇರ್ಲಿಲ್ಲ ಅಂತ ಬೈಕೊಳ್ತೇವೆ!

ಮಲೆನಾಡಿನ ಹಿರಿಯರಿಗೆ ಇದು ಹೊಸದಲ್ಲ. ಡಿಡಿಟಿ ಸಿಂಪಡಣೆ ಊರೂರಿಗೆ ತಲುಪೋ ಮೊದಲು ಚಳಿಜ್ವರಕ್ಕೆ ಹೆದರಿ ಗದ್ದೆ, ಮನೆ ಬಿಟ್ಟು ಹೋದವರಿದ್ದರು. ಈಗ ರಾಜ್ಯದಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ. ಆದ್ರೆ ಪೂರ್ತಿ ಹೋಗಿಲ್ಲ. ಹಲವು ವರ್ಷ ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ಮಂಗಳೂರು ಕಡೆಯದೇ ಆಗಿತ್ತು. ಉತ್ತರ ಕರ್ನಾಟಕದ ಎಷ್ಟೋ ಹುಡುಗರು ಕಟ್ಟಡ ಕೆಲಸಕ್ಕೆ ಹೋಗೋದೂ ಅಲ್ಲಿಗೇ.

ಇಲ್ಲೇ ಒಂದು ಮಾತು ಸರಿಯಾಗಿ ತಿಳ್ಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಕಾಣೋ ವೈವ್ಯಾಕ್ಸ್ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕೂರುತ್ತೆ. 3 ದಿನದ ಕ್ಲೋರೋಕ್ವಿನ್ ರಕ್ತದಲ್ಲಿರೋದನ್ನ ಕೊಲ್ಲುತ್ತೆ, ಜ್ವರ ಬಿಡುತ್ತೆ. ಅಡಗಿರೋದನ್ನ ಕೊಲ್ಲೋಕೆ ಕೊಡೋದು 14 ದಿನದ ಪ್ರೈಮಾಕ್ವಿನ್. ಜ್ವರ ಬಿಟ್ಟ ತಕ್ಷಣ ಆ ಮಾತ್ರೆ ನಿಲ್ಲಿಸಿದ್ರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಬಿತ್ತನೆಗೆ ಅಂತ ಊರಿಗೆ ಬಂದಾಗ, ಮತ್ತೆ ಚಳಿ ಹಿಡಿಯುತ್ತೆ. ಮೇಲಿನ 4,800 ಮತ್ತೊಮ್ಮೆ ಹೋಯ್ತು. ಊರಿನ ಸೊಳ್ಳೆ ಕಚ್ಚಿದ್ರೆ ಪಕ್ಕದ ಮನೆಗೂ ಹರಡಬಹುದು.

ಪ್ರೈಮಾಕ್ವಿನ್ ಮಾತ್ರ ನೀವೇ ಮೆಡಿಕಲ್ ಶಾಪಿಂದ ತಂದು ನುಂಗಬೇಡಿ. ಗರ್ಭಿಣಿಯರಿಗೆ, ಹಸುಗೂಸಿಗೆ ಕೊಡೋ ಹಾಗಿಲ್ಲ. ಜಿ6ಪಿಡಿ ಕೊರತೆ ಇದ್ದವರಿಗೆ ರಕ್ತಕಣ ಒಡೆಯುತ್ತೆ, ಮೂತ್ರ ಕಪ್ಪಾದ್ರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರನ್ನ ಕಾಣಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ, ಔಷಧಿ ಎರಡೂ ಉಚಿತ. ಚಳಿ ನಡುಕ ಬಂದ ದಿನವೇ ಹೋಗಿ. ಸಾಲ ಮಾಡಿ ಡ್ರಿಪ್ ಹಾಕಿಸ್ಕೊಳ್ಳೋದು ಆಮೇಲೆ ನೋಡೋಣ.

ಇನ್ನು ನೀರು. ಈ ಸೊಳ್ಳೆಗೆ ಗಲೀಜಲ್ಲ, ನಿಂತ ತಿಳಿನೀರು ಬೇಕು. ತೊಟ್ಟಿ, ಡ್ರಮ್ಮು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಣಗಿಸಿ. ಕೃಷಿ ಹೊಂಡ ಖಾಲಿ ಮಾಡೋಕಾಗಲ್ಲ, ಅದಕ್ಕೆ ಲಾರ್ವಾ ತಿನ್ನೋ ಗಪ್ಪಿ ಮೀನು ಬಿಡಬಹುದು, ಆರೋಗ್ಯ ಇಲಾಖೆಯವರನ್ನ ವಿಚಾರಿಸಿ. ಹೊಂಡಕ್ಕೆ ಮಾತ್ರ ಬಿಡಿ, ಕೆರೆ ಹಳ್ಳಕ್ಕೆ ಬೇಡ, ಅಲ್ಲಿನ ನಾಟಿ ಮೀನಿಗೆ ತೊಂದರೆ.

ಮಾತ್ರೆ ಶುರುಮಾಡಿದ ದಿನ ಮೊಬೈಲಲ್ಲಿ 14 ದಿನಕ್ಕೂ ಅಲಾರಂ ಇಟ್ಟುಬಿಡಿ, ಊಟ ಆದಮೇಲಿನ ಹೊತ್ತಿಗೆ.